ಪ್ರೇಕ್ಷಕರಿಲ್ಲದಿದ್ದರೆ ಕ್ಲಬ್ಬೇ ಇಲ್ಲ: ಕೋವಿಡ್ ಕಾಲದಲ್ಲಿ ಇಂಗ್ಲೆಂಡ್‌ನ ಅರೆ ವೃತ್ತಿಪರ ಫುಟ್‌ಬಾಲ್ ಮತ್ತೆ ಶುರುವಾಗಿದ್ದು ಹೇಗೆ? ಇಲ್ಲಿದೆ ವಿವರ

ಕೋವಿಡ್-19 ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಫುಟ್‌ಬಾಲ್ ಎಂದರೆ ಬಹುತೇಕರ ಕಣ್ಣ ಮುಂದೆ ಬರುವುದು ಖಾಲಿ ಸ್ಟೇಡಿಯಂ ಮತ್ತು ಟಿವಿಯಲ್ಲಿ ಕೇಳಿಸುತ್ತಿದ್ದ ಕೃತಕ ಚಪ್ಪಾಳೆ. ಪ್ರೀಮಿಯರ್ ಲೀಗ್‌ನಂಥ ದೊಡ್ಡ ಟೂರ್ನಿಗಳು ಹೀಗೆ ನಡೆದು ಹೋದವು. ಪ್ರಸಾರ ಹಕ್ಕಿನ ಹಣ ಬರುತ್ತಿದ್ದರಿಂದ ಗ್ಯಾಲರಿ ಖಾಲಿ ಇದ್ದರೂ ಆಟ ನಿಲ್ಲಲಿಲ್ಲ. ಆದರೆ ಅದೇ ಇಂಗ್ಲೆಂಡ್‌ನ ಸಣ್ಣ ಊರುಗಳಲ್ಲಿ ಪರಿಸ್ಥಿತಿ ತೀರಾ ಬೇರೆಯಿತ್ತು. ಅಲ್ಲಿನ ನೂರಾರು ಅರೆ ವೃತ್ತಿಪರ ಕ್ಲಬ್‌ಗಳಿಗೆ ಟಿವಿ ಹಣ ಇಲ್ಲ. ಶನಿವಾರ ಮಧ್ಯಾಹ್ನ ಗೇಟ್‌ನಲ್ಲಿ ಟಿಕೆಟ್ ಕೊಂಡು ಒಳಬರುವ ಕೆಲವು ನೂರು ಜನರೇ ಅವುಗಳ ಜೀವಾಳ.

ಜನರನ್ನು ಬಿಟ್ಟರೆ ಸೋಂಕಿನ ಭಯ, ಬಿಡದಿದ್ದರೆ ಕ್ಲಬ್ ಮುಚ್ಚುವ ಭಯ. ಈ ಇಕ್ಕಟ್ಟಿನ ನಡುವೆ ಪ್ರೇಕ್ಷಕರ ಸಮೇತ ಫುಟ್‌ಬಾಲ್ ಆರಂಭಿಸಲು ನಡೆದ ಪ್ರಯತ್ನ, ಅದರ ನಿಯಮಗಳು, ಎಡವಟ್ಟುಗಳು ಮತ್ತು ಪಾಠಗಳ ಬಗ್ಗೆ ಇಲ್ಲಿದೆ ಮಾಹಿತಿ.

ಏನಿದು ನಾನ್-ಲೀಗ್ ಫುಟ್‌ಬಾಲ್?

ಇಂಗ್ಲೆಂಡ್‌ನ ಫುಟ್‌ಬಾಲ್ ವ್ಯವಸ್ಥೆ ಪಿರಮಿಡ್ ಇದ್ದಂತೆ. ಮೇಲಿನ ನಾಲ್ಕು ದರ್ಜೆಗಳಾದ ಪ್ರೀಮಿಯರ್ ಲೀಗ್, ಚಾಂಪಿಯನ್‌ಶಿಪ್, ಲೀಗ್ ಒನ್ ಮತ್ತು ಲೀಗ್ ಟೂಗಳಲ್ಲಿ ಒಟ್ಟು 92 ಕ್ಲಬ್‌ಗಳಿಗೆ ಜಾಗವಿದೆ. ಇದರ ಕೆಳಗಿನದೆಲ್ಲವನ್ನೂ ಸಾಮಾನ್ಯವಾಗಿ 'ನಾನ್-ಲೀಗ್' ಎನ್ನುತ್ತಾರೆ. ಐದನೇ ದರ್ಜೆಯ ನ್ಯಾಷನಲ್ ಲೀಗ್ ಇದರ 'ಸ್ಟೆಪ್ 1'. ಆರನೇ ದರ್ಜೆಯ ನ್ಯಾಷನಲ್ ಲೀಗ್ ನಾರ್ತ್ ಮತ್ತು ಸೌತ್ 'ಸ್ಟೆಪ್ 2'. ನಾರ್ದರ್ನ್ ಪ್ರೀಮಿಯರ್, ಸದರ್ನ್ ಮತ್ತು ಇಸ್ತ್ಮಿಯನ್ ಲೀಗ್‌ಗಳು ಸ್ಟೆಪ್ 3 ಹಾಗೂ 4ರಲ್ಲಿ ಬರುತ್ತವೆ. ಅದರ ಕೆಳಗೆ ಪ್ರಾದೇಶಿಕ ಲೀಗ್‌ಗಳಿವೆ.

ಸ್ಟೆಪ್ 1ರ ಹಲವು ಕ್ಲಬ್‌ಗಳಲ್ಲಿ ಪೂರ್ಣಾವಧಿ ಆಟಗಾರರಿದ್ದಾರೆ. ಕೆಳಗಿಳಿದಂತೆ ಚಿತ್ರಣ ಬದಲಾಗುತ್ತದೆ. ಅಲ್ಲಿ ಆಡುವವರು ವಾರವಿಡೀ ಶಿಕ್ಷಕರು, ಎಲೆಕ್ಟ್ರಿಷಿಯನ್‌ಗಳು, ಡೆಲಿವರಿ ಚಾಲಕರು, ಆಸ್ಪತ್ರೆ ಸಿಬ್ಬಂದಿ. ವಾರಕ್ಕೆ ಎರಡು ಸಂಜೆ ತರಬೇತಿ, ಶನಿವಾರ ಪಂದ್ಯ, ಕೈಗೆ ಒಂದಿಷ್ಟು ಸಂಭಾವನೆ. ಇನ್ನು ಕ್ಲಬ್ ನಡೆಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಗೇಟ್‌ನಲ್ಲಿ ಟಿಕೆಟ್ ಹರಿಯುವವರು, ಹುಲ್ಲು ಕತ್ತರಿಸುವವರು, ಚಹಾ ಅಂಗಡಿ ನೋಡಿಕೊಳ್ಳುವವರು ಎಲ್ಲರೂ ಊರಿನವರೇ. ಇವರಲ್ಲಿ ನಿವೃತ್ತರ ಸಂಖ್ಯೆಯೇ ದೊಡ್ಡದು. ಅಂದರೆ ಕೋವಿಡ್‌ಗೆ ಅತಿ ಸುಲಭವಾಗಿ ತುತ್ತಾಗಬಹುದಾದ ವಯೋಮಾನದವರೇ ಕ್ಲಬ್‌ನ ಬೆನ್ನೆಲುಬು.

ಮೊದಲ ಹೊಡೆತ: ಅಂಕಪಟ್ಟಿಯೇ ಅಳಿಸಿ ಹೋಯ್ತು

2020ರ ಮಾರ್ಚ್ 13ರಂದು ಪ್ರೀಮಿಯರ್ ಲೀಗ್ ಮತ್ತು ಇಂಗ್ಲಿಷ್ ಫುಟ್‌ಬಾಲ್ ಲೀಗ್ ಪಂದ್ಯಗಳನ್ನು ಸ್ಥಗಿತಗೊಳಿಸಲಾಯಿತು. ಮರುದಿನವೂ ನ್ಯಾಷನಲ್ ಲೀಗ್‌ನ ಕೆಲವು ಪಂದ್ಯಗಳು ಪ್ರೇಕ್ಷಕರ ಎದುರೇ ನಡೆದವು. ಮಾರ್ಚ್ 16ಕ್ಕೆ ಅದೂ ನಿಂತಿತು.

ಮಾರ್ಚ್ 26ರಂದು ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ದೊಡ್ಡ ನಿರ್ಧಾರ ಪ್ರಕಟಿಸಿತು. ಸ್ಟೆಪ್ 3ರಿಂದ 6ರವರೆಗಿನ ಋತುವನ್ನು ಅಲ್ಲಿಗೇ ಮುಗಿಸಿ, ಅದುವರೆಗಿನ ಎಲ್ಲ ಫಲಿತಾಂಶಗಳನ್ನು ದಾಖಲೆಯಿಂದ ತೆಗೆದುಹಾಕುವುದಾಗಿ ಹೇಳಿತು. ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ. ಆಗ ನಾರ್ದರ್ನ್ ಪ್ರೀಮಿಯರ್ ಲೀಗ್‌ನಲ್ಲಿ ಸೌತ್ ಶೀಲ್ಡ್ಸ್ ಕ್ಲಬ್ 12 ಅಂಕಗಳ ಮುನ್ನಡೆಯಲ್ಲಿತ್ತು. ಜೆರ್ಸಿ ಬುಲ್ಸ್ ತಂಡವಂತೂ ತನ್ನ ಲೀಗ್‌ನಲ್ಲಿ ಆಡಿದ 27 ಪಂದ್ಯಗಳಲ್ಲಿ 27ನ್ನೂ ಗೆದ್ದಿತ್ತು. ಈ ಸಾಧನೆಗಳೆಲ್ಲ ಲೆಕ್ಕಕ್ಕೇ ಇಲ್ಲದಂತಾದವು. ಸೌತ್ ಶೀಲ್ಡ್ಸ್ ಕಾನೂನು ಹೋರಾಟ ನಡೆಸಿದರೂ ಫಲ ಸಿಗಲಿಲ್ಲ.

ಆದರೆ ಮೇಲಿನ ಸ್ಟೆಪ್ 1 ಮತ್ತು 2ಕ್ಕೆ ಬೇರೆ ಮಾನದಂಡ. ಅಲ್ಲಿ ಪ್ರತಿ ಪಂದ್ಯಕ್ಕೆ ಗಳಿಸಿದ ಸರಾಸರಿ ಅಂಕದ ಆಧಾರದಲ್ಲಿ ಅಂತಿಮ ಪಟ್ಟಿ ಸಿದ್ಧವಾಯಿತು. ಬ್ಯಾರೊ ಕ್ಲಬ್ ಚಾಂಪಿಯನ್ ಆಗಿ 1972ರ ನಂತರ ಮೊದಲ ಬಾರಿಗೆ ಫುಟ್‌ಬಾಲ್ ಲೀಗ್‌ಗೆ ಮರಳಿತು. ಆಗಸ್ಟ್ 2ರಂದು ವೆಂಬ್ಲಿಯಲ್ಲಿ ನಡೆದ ಪ್ಲೇ-ಆಫ್ ಫೈನಲ್‌ನಲ್ಲಿ ಹ್ಯಾರೊಗೇಟ್ ಟೌನ್ 3-1ರಿಂದ ನಾಟ್ಸ್ ಕೌಂಟಿಯನ್ನು ಸೋಲಿಸಿತು. ಕ್ಲಬ್ ಇತಿಹಾಸದ ಅತಿ ದೊಡ್ಡ ದಿನ ಅದು. ಗ್ಯಾಲರಿಯಲ್ಲಿ ನೋಡಲು ಅಭಿಮಾನಿಗಳೇ ಇರಲಿಲ್ಲ.

ಪ್ರೇಕ್ಷಕರಿಗೆ ಅನುಮತಿ ಸಿಕ್ಕಿದ್ದು ಹೇಗೆ?

ಜುಲೈ 18ರಂದು ಸರ್ಕಾರದ ಒಪ್ಪಿಗೆಯೊಂದಿಗೆ ಎಫ್‌ಎ ಕೆಳಹಂತದ ಫುಟ್‌ಬಾಲ್‌ಗೆ ಮಾರ್ಗಸೂಚಿ ಹೊರಡಿಸಿತು. ಮೊದಲು ತರಬೇತಿ, ಆಗಸ್ಟ್‌ನಲ್ಲಿ ಸೌಹಾರ್ದ ಪಂದ್ಯ, ಸೆಪ್ಟೆಂಬರ್‌ನಲ್ಲಿ ಲೀಗ್ ಎಂಬುದು ಸೂತ್ರ. ಆಗಸ್ಟ್ ಕೊನೆಯ ಭಾಗದಲ್ಲಿ ಸ್ಟೆಪ್ 3ರಿಂದ ಕೆಳಗಿನ ಕ್ಲಬ್‌ಗಳಿಗೆ ಪ್ರೇಕ್ಷಕರನ್ನು ಸೇರಿಸಲು ಅವಕಾಶ ಸಿಕ್ಕಿತು. ಮೊದಲ ಹಂತದಲ್ಲಿ ಶೇ.15, ನಂತರ ಶೇ.30.

ಇಲ್ಲೊಂದು ಸೂಕ್ಷ್ಮವಿದೆ. ಈ ಶೇಕಡಾವಾರು ಲೆಕ್ಕ ಹಾಕಿದ್ದು ಮೈದಾನದ ನಿಜವಾದ ಸಾಮರ್ಥ್ಯದ ಮೇಲೆ ಅಲ್ಲ. ಆಯಾ ಹಂತದಲ್ಲಿ ಆಡಲು ಮೈದಾನಕ್ಕೆ ಕನಿಷ್ಠ ಎಷ್ಟು ಸಾಮರ್ಥ್ಯ ಇರಬೇಕೆಂದು ಎಫ್‌ಎ ನಿಗದಿ ಮಾಡಿದೆಯೋ, ಅದರ ಮೇಲೆ. ಹೀಗಾಗಿ ಸ್ಟೆಪ್ 3ರ ಕ್ಲಬ್‌ಗಳಿಗೆ 600 ಮತ್ತು ಸ್ಟೆಪ್ 4ರ ಕ್ಲಬ್‌ಗಳಿಗೆ 400 ಜನರ ಮಿತಿ ಬಂತು. ನಾಲ್ಕು ಸಾವಿರ ಜನ ಹಿಡಿಸುವ ಮೈದಾನವಿದ್ದರೂ, ಎರಡು ಸಾವಿರ ಹಿಡಿಸುವ ಮೈದಾನವಿದ್ದರೂ ಮಿತಿ ಒಂದೇ. ವಾರಕ್ಕೆ 200 ಜನ ಬರುತ್ತಿದ್ದ ಕ್ಲಬ್‌ಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಸಾವಿರಕ್ಕೂ ಹೆಚ್ಚು ಅಭಿಮಾನಿಗಳಿದ್ದ ಕ್ಲಬ್‌ಗಳು ಮಾತ್ರ ಸೀಸನ್ ಟಿಕೆಟ್ ಕೊಂಡವರಲ್ಲೇ ಯಾರನ್ನು ಬಿಡುವುದು, ಯಾರನ್ನು ಹೊರಗಿಡುವುದು ಎಂದು ತಲೆ ಕೆಡಿಸಿಕೊಳ್ಳಬೇಕಾಯಿತು.

ಮೈದಾನದಲ್ಲಿ ಬದಲಾದದ್ದೇನು?

ತೆರೆದ ಬಯಲಿನಲ್ಲಿ ಸೋಂಕು ಹರಡುವ ಸಾಧ್ಯತೆ ಮುಚ್ಚಿದ ಕೋಣೆಗಿಂತ ಕಡಿಮೆ. ಆದ್ದರಿಂದ 90 ನಿಮಿಷದ ಆಟ ನೋಡುವುದಕ್ಕಿಂತ ದೊಡ್ಡ ಸಮಸ್ಯೆಯಾಗಿದ್ದು ಅದರ ಆಚೀಚಿನ ಜಾಗಗಳು: ಪ್ರವೇಶ ದ್ವಾರದ ಸಾಲು, ಶೌಚಾಲಯ, ಚಹಾ ಕೌಂಟರ್, ಕ್ಲಬ್‌ಹೌಸ್‌ನ ಬಾರ್, ಆಟಗಾರರು ಒಟ್ಟಾಗಿ ಬರುವ ಕಾರು. ನಿಯಮಗಳ ಒತ್ತು ಇದ್ದದ್ದೂ ಇಲ್ಲೇ.

* ಪ್ರತಿ ಕ್ಲಬ್ ಒಬ್ಬ ಕೋವಿಡ್ ಅಧಿಕಾರಿಯನ್ನು ನೇಮಿಸಬೇಕು, ಅಪಾಯ ಅಂದಾಜಿನ ವರದಿ ಸಿದ್ಧಪಡಿಸಬೇಕು.
* ಬಂದವರ ಹೆಸರು, ಫೋನ್ ನಂಬರ್ ದಾಖಲಿಸಿ 21 ದಿನ ಇಟ್ಟುಕೊಳ್ಳಬೇಕು. ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಆರೋಗ್ಯ ಸೇವೆಯ ಕೋವಿಡ್ ಆ್ಯಪ್ ಬಂದ ಮೇಲೆ ಗೇಟ್‌ಗಳಲ್ಲಿ ಕ್ಯುಆರ್ ಕೋಡ್ ಅಂಟಿಸಲಾಯಿತು.
* ಸೆಪ್ಟೆಂಬರ್ 14ರಿಂದ ಆರು ಜನರಿಗಿಂತ ಹೆಚ್ಚಿನವರು ಗುಂಪಾಗಿ ಸೇರುವಂತಿಲ್ಲ. ಮೈದಾನದಲ್ಲೂ ಅದೇ ಲೆಕ್ಕ.
* ಡ್ರೆಸ್ಸಿಂಗ್ ರೂಮ್ ಬಳಕೆ ಆದಷ್ಟು ಕಡಿಮೆ. ತಂಡದ ಚರ್ಚೆ ಹೊರಗಡೆಯೇ.
* ಪಂದ್ಯಕ್ಕೆ ಮುನ್ನ ಹಸ್ತಲಾಘವ ಇಲ್ಲ, ಗೋಲು ಹೊಡೆದಾಗ ಅಪ್ಪಿಕೊಳ್ಳುವಂತಿಲ್ಲ, ಉಗುಳುವಂತಿಲ್ಲ.

ಕಾಗದದ ಮೇಲೆ ಇವು ಸರಳ. ಆದರೆ ಇಷ್ಟನ್ನೂ ಜಾರಿ ಮಾಡಬೇಕಾದವರು ಸಂಬಳವಿಲ್ಲದ ಕೆಲವೇ ಸ್ವಯಂಸೇವಕರು. ದೊಡ್ಡ ಕ್ಲಬ್‌ನಲ್ಲಿ ಇದಕ್ಕೆಂದೇ ಭದ್ರತಾ ಸಿಬ್ಬಂದಿ ಇರುತ್ತಾರೆ. ಸಣ್ಣ ಕ್ಲಬ್‌ನಲ್ಲಿ ಟಿಕೆಟ್ ಕೊಡುವವರೇ ಹೆಸರು ಬರೆದುಕೊಳ್ಳಬೇಕು, ಸ್ಯಾನಿಟೈಸರ್ ತುಂಬಿಸಬೇಕು, ಗುಂಪುಗೂಡಿದ ಪರಿಚಿತರಿಗೆ ದೂರ ನಿಲ್ಲಿ ಎಂದು ಹೇಳಲೂಬೇಕು. ವಯಸ್ಸಾದ ಸ್ವಯಂಸೇವಕರು ಮನೆಯಲ್ಲೇ ಉಳಿದ ಕಡೆ ಈ ಕೈಗಳೂ ಕಡಿಮೆಯಾದವು.

ಆಟಗಾರನಿಗೆ ಸೋಂಕು ತಗುಲಿದರೆ?

ಅರೆ ವೃತ್ತಿಪರ ಫುಟ್‌ಬಾಲ್‌ನ ನಿಜವಾದ ಸಂಕಷ್ಟ ಇಲ್ಲಿದೆ. ಪ್ರೀಮಿಯರ್ ಲೀಗ್ ಆಟಗಾರರಿಗೆ ನಿಯಮಿತವಾಗಿ ಪರೀಕ್ಷೆ ನಡೆಯುತ್ತಿತ್ತು. ಕೆಳಹಂತದ ಕ್ಲಬ್‌ಗಳಿಗೆ ಆ ಖರ್ಚು ಭರಿಸುವ ಶಕ್ತಿಯೇ ಇರಲಿಲ್ಲ. ಲಕ್ಷಣ ಕಂಡಾಗ ಮಾತ್ರ ಪರೀಕ್ಷೆ.

ಒಬ್ಬರಿಗೆ ಪಾಸಿಟಿವ್ ಬಂದರೆ ಅವರ ನಿಕಟ ಸಂಪರ್ಕಿತರೆಲ್ಲ 14 ದಿನ ಮನೆಯಲ್ಲಿ ಪ್ರತ್ಯೇಕವಾಗಿ ಇರಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಇದನ್ನು 10 ದಿನಕ್ಕೆ ಇಳಿಸಲಾಯಿತು. ವೃತ್ತಿಪರ ಆಟಗಾರನಿಗೆ ಆ ಅವಧಿಯಲ್ಲೂ ಸಂಬಳ ಬರುತ್ತದೆ. ಆದರೆ ಸೋಮವಾರ ಬೆಳಗ್ಗೆ ಬೇರೆ ಕೆಲಸಕ್ಕೆ ಹೋಗಬೇಕಾದವನ ಕಥೆ? ಆಗ ಬ್ರಿಟನ್‌ನಲ್ಲಿ ಶಾಸನಬದ್ಧ ಅನಾರೋಗ್ಯ ಭತ್ಯೆ ವಾರಕ್ಕೆ 95.85 ಪೌಂಡ್ ಮಾತ್ರ. ಕಡಿಮೆ ಆದಾಯದವರಿಗೆ ಸೆಪ್ಟೆಂಬರ್ 28ರಿಂದ 500 ಪೌಂಡ್ ನೆರವು ಘೋಷಣೆಯಾಯಿತಾದರೂ ಅದು ಎಲ್ಲರಿಗೂ ಅನ್ವಯಿಸುತ್ತಿರಲಿಲ್ಲ. ಶನಿವಾರದ ಒಂದು ಪಂದ್ಯಕ್ಕಾಗಿ ಎರಡು ವಾರದ ದುಡಿಮೆ ಕಳೆದುಕೊಳ್ಳುವ ಅಪಾಯ ಆಟಗಾರರ ತಲೆಯ ಮೇಲಿತ್ತು. ಇತ್ತ ಒಂದು ತಂಡ ಪ್ರತ್ಯೇಕವಾಸಕ್ಕೆ ಹೋದರೆ ಎದುರಾಳಿಯ ಪಂದ್ಯವೂ ಮುಂದಕ್ಕೆ ಹೋಗಿ, ವೇಳಾಪಟ್ಟಿಯೇ ಏರುಪೇರಾಗುತ್ತಿತ್ತು.

'ಎಲೀಟ್' ಎಂಬ ಹಣೆಪಟ್ಟಿ ತಂದ ಫಜೀತಿ

ಸರ್ಕಾರ ಕ್ರೀಡೆಯನ್ನು 'ಎಲೀಟ್' ಮತ್ತು 'ಎಲೀಟ್ ಅಲ್ಲದ್ದು' ಎಂದು ಎರಡಾಗಿ ವಿಂಗಡಿಸಿತ್ತು. ಸ್ಟೆಪ್ 1 ಮತ್ತು 2 ಎಲೀಟ್ ಪಟ್ಟಿಯಲ್ಲಿದ್ದವು. ಎಲೀಟ್ ಪಂದ್ಯಗಳಿಗೆ ಪ್ರೇಕ್ಷಕರನ್ನು ಬಿಡುವಂತಿರಲಿಲ್ಲ. ಅಕ್ಟೋಬರ್ 1ರಿಂದ ಜನರನ್ನು ಬಿಡುವ ಯೋಜನೆ ಇತ್ತು. ಅದಕ್ಕೆಂದೇ ಆಗಸ್ಟ್ 29ರಂದು ಬ್ರೈಟನ್-ಚೆಲ್ಸಿ ಸೌಹಾರ್ದ ಪಂದ್ಯಕ್ಕೆ 2,500 ಜನರನ್ನು ಪ್ರಾಯೋಗಿಕವಾಗಿ ಬಿಡಲಾಗಿತ್ತು. ಆದರೆ ಸೋಂಕು ಏರುತ್ತಿದ್ದಂತೆ ಸೆಪ್ಟೆಂಬರ್ 22ರಂದು ಸರ್ಕಾರ ಆ ಯೋಜನೆಗೆ ತಡೆ ಹಾಕಿತು.

ಪರಿಣಾಮ ವಿಚಿತ್ರವಾಗಿತ್ತು. ಏಳನೇ ದರ್ಜೆಯ ಕ್ಲಬ್ 600 ಜನರನ್ನು ಒಳಬಿಟ್ಟು, ಕ್ಲಬ್‌ಹೌಸ್‌ನಲ್ಲಿ ಊಟ-ಪಾನೀಯ ಮಾರಬಹುದಿತ್ತು. ಅದೇ ಊರಿನ ಆರನೇ ದರ್ಜೆಯ ಕ್ಲಬ್, ಅಲ್ಲೂ ಅರೆಕಾಲಿಕ ಆಟಗಾರರೇ ಇದ್ದರೂ, ಒಬ್ಬ ಪ್ರೇಕ್ಷಕನನ್ನೂ ಬಿಡುವಂತಿರಲಿಲ್ಲ. ದೊಡ್ಡ ಕ್ಲಬ್‌ಗಳ ಬಾಗಿಲು ಮುಚ್ಚಿದ್ದರಿಂದ ಆ ಅಭಿಮಾನಿಗಳಲ್ಲಿ ಕೆಲವರು ಶನಿವಾರ ಹತ್ತಿರದ ಸಣ್ಣ ಮೈದಾನಗಳತ್ತ ಹೆಜ್ಜೆ ಹಾಕಿದರು. ಹಲವು ಸಣ್ಣ ಕ್ಲಬ್‌ಗಳಿಗೆ ಆ ಕೆಲವು ವಾರ ನಿರೀಕ್ಷೆಗಿಂತ ಹೆಚ್ಚು ಜನ ಬಂದರು.

ನೆರವಿನ ಹಣ ಮತ್ತು ಜಗಳ

ಪ್ರೇಕ್ಷಕರಿಲ್ಲದೆ ಋತು ಆರಂಭಿಸಲು ಸಾಧ್ಯವಿಲ್ಲ ಎಂದು ನ್ಯಾಷನಲ್ ಲೀಗ್ ಕ್ಲಬ್‌ಗಳು ಪಟ್ಟು ಹಿಡಿದಾಗ, ನ್ಯಾಷನಲ್ ಲಾಟರಿ ಮೂಲಕ ಮೂರು ತಿಂಗಳಿಗೆ 1 ಕೋಟಿ ಪೌಂಡ್ (ಆಗಿನ ದರದಲ್ಲಿ ಸುಮಾರು 95 ಕೋಟಿ ರೂ.) ನೆರವು ಸಿಕ್ಕಿತು. ಅಕ್ಟೋಬರ್ 3ರಂದು ಖಾಲಿ ಮೈದಾನದಲ್ಲಿ ಆಟ ಶುರುವಾಯಿತು.

ಹಣ ಹಂಚಿಕೆಯಲ್ಲಿ ಮತ್ತೆ ತಕರಾರು. ಸ್ಟೆಪ್ 1ರ ಏಳು ಕ್ಲಬ್‌ಗಳಿಗೆ ತಿಂಗಳಿಗೆ 95 ಸಾವಿರ ಪೌಂಡ್, ಉಳಿದವಕ್ಕೆ 84 ಸಾವಿರ. ಸ್ಟೆಪ್ 2ರಲ್ಲಿ ಕ್ಲಬ್‌ಗೆ 30 ಅಥವಾ 36 ಸಾವಿರ. ಕಳೆದುಕೊಂಡ ಗೇಟ್ ಆದಾಯಕ್ಕೆ ತಕ್ಕಂತೆ ಹಂಚದೆ ಬಹುತೇಕ ದರ್ಜೆ ನೋಡಿ ಹಂಚಿದ್ದರಿಂದ, ಹೆಚ್ಚು ಅಭಿಮಾನಿಗಳಿದ್ದ ಕ್ಲಬ್‌ಗಳಿಗೆ ನಷ್ಟ ತುಂಬಲಿಲ್ಲ. ಕಡಿಮೆ ಜನ ಬರುತ್ತಿದ್ದ ಕೆಲವು ಕ್ಲಬ್‌ಗಳಿಗೆ ಗೇಟ್‌ನಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚೇ ಸಿಕ್ಕಿತು ಎಂಬ ಟೀಕೆ ಬಂತು. ಎಫ್‌ಎ ಮಾಜಿ ಅಧ್ಯಕ್ಷ ಡೇವಿಡ್ ಬರ್ನ್‌ಸ್ಟೀನ್ ನೇತೃತ್ವದಲ್ಲಿ ಪರಿಶೀಲನೆಯೂ ನಡೆಯಿತು.

ನವೆಂಬರ್ 19ರಂದು ಸರ್ಕಾರ 30 ಕೋಟಿ ಪೌಂಡ್‌ಗಳ ಕ್ರೀಡಾ ಪ್ಯಾಕೇಜ್ ಘೋಷಿಸಿತು. ಇದರಲ್ಲಿ ಸ್ಟೆಪ್ 1 ಮತ್ತು 2ಕ್ಕೆ 1.1 ಕೋಟಿ, ಸ್ಟೆಪ್ 3ರಿಂದ 6ಕ್ಕೆ 1.4 ಕೋಟಿ ಪೌಂಡ್ ಮೀಸಲಿತ್ತು. ಆದರೆ ಜನವರಿಯಲ್ಲಿ ನ್ಯಾಷನಲ್ ಲೀಗ್ ಕ್ಲಬ್‌ಗಳಿಗೆ ಸಿಗುವುದು ಬಹುಪಾಲು ಸಾಲ, ಅನುದಾನವಲ್ಲ ಎಂಬುದು ಸ್ಪಷ್ಟವಾದಾಗ ಒಡಕು ಬಹಿರಂಗವಾಯಿತು. ಸಾಲ ಮಾಡಿ ಆಡಲಾರೆವು ಎಂದ ಡೋವರ್ ಅಥ್ಲೆಟಿಕ್ ಕ್ಲಬ್ ಪಂದ್ಯಗಳನ್ನೇ ನಿಲ್ಲಿಸಿತು. ಅದರ ಫಲಿತಾಂಶಗಳನ್ನು ಅಳಿಸಿ, 40 ಸಾವಿರ ಪೌಂಡ್ ದಂಡ ಹಾಕಿ, ಮುಂದಿನ ಋತುವಿಗೆ 12 ಅಂಕ ಕಡಿತ ಮಾಡಲಾಯಿತು. ಆ ಋತುವಿನ ಕೊನೆಗೆ ಕ್ಲಬ್ ಹಿಂಬಡ್ತಿ ಕಂಡಿತು.

ಎರಡನೇ ಬಾರಿಯೂ ಅರ್ಧಕ್ಕೇ ನಿಂತ ಋತು

ನವೆಂಬರ್ 5ರಿಂದ ಡಿಸೆಂಬರ್ 2ರವರೆಗೆ ಇಂಗ್ಲೆಂಡ್‌ನಲ್ಲಿ ಎರಡನೇ ಲಾಕ್‌ಡೌನ್. ಎಲೀಟ್ ಪಂದ್ಯಗಳು ಮುಂದುವರಿದವು, ಕೆಳಗಿನವು ನಿಂತವು. ನಂತರ ದೇಶವನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಲಾಯಿತು. ಮೂರನೇ ಶ್ರೇಣಿಯ ಊರುಗಳಲ್ಲಿ ಪ್ರೇಕ್ಷಕರಿಗೆ ಪ್ರವೇಶವೇ ಇಲ್ಲ. ಎರಡನೇ ಶ್ರೇಣಿಯಲ್ಲಿ ಪ್ರೇಕ್ಷಕರು ಬರಬಹುದು, ಆದರೆ ಊಟದ ಜೊತೆಗಲ್ಲದೆ ಮದ್ಯ ಮಾರುವಂತಿಲ್ಲ. ಬಾರ್ ಆದಾಯವನ್ನೇ ನೆಚ್ಚಿದ್ದ ಕ್ಲಬ್‌ಹೌಸ್‌ಗಳಿಗೆ ಇದು ಮತ್ತೊಂದು ಪೆಟ್ಟು.

ಒಂದೇ ಲೀಗ್‌ನ ಕ್ಲಬ್‌ಗಳು ಬೇರೆ ಬೇರೆ ಶ್ರೇಣಿಯಲ್ಲಿದ್ದರೆ ಪಂದ್ಯ ನಡೆಸುವುದು ಹೇಗೆ? ಒಬ್ಬರಿಗೆ ಗೇಟ್ ಆದಾಯ ಇರುತ್ತದೆ, ಇನ್ನೊಬ್ಬರಿಗೆ ಇಲ್ಲ. ಈ ಕಾರಣದಿಂದ ಸ್ಟೆಪ್ 3 ಮತ್ತು 4ರ ಮೂರೂ ಲೀಗ್‌ಗಳು ಡಿಸೆಂಬರ್‌ನಲ್ಲಿ ಮರು ಆರಂಭವಾಗಲಿಲ್ಲ. ಜನವರಿಯಲ್ಲಿ ಮೂರನೇ ಲಾಕ್‌ಡೌನ್ ಬಂತು. 2021ರ ಫೆಬ್ರವರಿ 18ರಂದು ಸ್ಟೆಪ್ 2ರ ಎರಡೂ ವಿಭಾಗಗಳು ಕ್ಲಬ್‌ಗಳ ಮತದಾನದ ನಂತರ ರದ್ದಾದವು. ಫೆಬ್ರವರಿ 24ರಂದು ಸ್ಟೆಪ್ 3ರಿಂದ 6ರ ಋತುವನ್ನೂ ಎಫ್‌ಎ ಮೊಟಕುಗೊಳಿಸಿತು. ಸತತ ಎರಡು ವರ್ಷ ಈ ಲೀಗ್‌ಗಳಿಗೆ ಚಾಂಪಿಯನ್ನರೇ ಇರಲಿಲ್ಲ. ಆದರೆ ಈ ಬಾರಿ ಎರಡೂ ಋತುಗಳ ಸಾಧನೆಯನ್ನು ಒಟ್ಟಿಗೆ ಪರಿಗಣಿಸಿ, ಲೀಗ್ ಪುನರ್‌ರಚನೆಯ ಭಾಗವಾಗಿ ಕೆಲವು ಕ್ಲಬ್‌ಗಳಿಗೆ ಬಡ್ತಿ ನೀಡಲಾಯಿತು. ಜೆರ್ಸಿ ಬುಲ್ಸ್ ಕೂಡ ಅದರಲ್ಲಿ ಒಂದು.

ಬಾರದ ಪ್ರೇಕ್ಷಕರಿಂದ ಬಂದ ಹಣ

ಈ ಕತ್ತಲ ನಡುವೆ ಒಂದು ಸುದ್ದಿ ವಿಶ್ವದ ಗಮನ ಸೆಳೆಯಿತು. ಲಿವರ್‌ಪೂಲ್ ಸಮೀಪದ ಕ್ರಾಸ್ಬಿಯ ಮರೀನ್ ಎಂಟನೇ ದರ್ಜೆಯ ಕ್ಲಬ್. ಅದರ ಲೀಗ್ ನಿಂತಿದ್ದರೂ ಎಫ್‌ಎ ಕಪ್‌ನಲ್ಲಿ ಆಡಲು ವಿಶೇಷ ಅವಕಾಶವಿತ್ತು. ಕೋಲ್ಚೆಸ್ಟರ್ ಹಾಗೂ ಹ್ಯಾವೆಂಟ್ ಆ್ಯಂಡ್ ವಾಟರ್‌ಲೂವಿಲ್ ತಂಡಗಳನ್ನು ಮಣಿಸಿದ ಮರೀನ್‌ಗೆ ಮೂರನೇ ಸುತ್ತಿನಲ್ಲಿ ಎದುರಾಗಿದ್ದು ಜೋಸೆ ಮೌರಿನ್ಯೊ ತರಬೇತಿಯ ಟಾಟನ್‌ಹ್ಯಾಮ್. ಎರಡೂ ತಂಡಗಳ ನಡುವೆ ಪಿರಮಿಡ್‌ನಲ್ಲಿ 161 ಸ್ಥಾನಗಳ ಅಂತರ.

2021ರ ಜನವರಿ 10ರಂದು ನಡೆದ ಪಂದ್ಯಕ್ಕೆ ಲಾಕ್‌ಡೌನ್ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮೈದಾನಕ್ಕೆ ಅಂಟಿಕೊಂಡ ಮನೆಗಳವರು ಹಿತ್ತಲಿನಿಂದಲೇ ಇಣುಕಿ ನೋಡಿದರು. ಜೀವಮಾನದ ಗೇಟ್ ಆದಾಯ ಕೈತಪ್ಪಿದಾಗ ಕ್ಲಬ್ 10 ಪೌಂಡ್‌ಗೆ (ಸುಮಾರು 1 ಸಾವಿರ ರೂ.) 'ವರ್ಚುವಲ್ ಟಿಕೆಟ್' ಮಾರಾಟಕ್ಕಿಟ್ಟಿತು. ಮೈದಾನದ ಸಾಮರ್ಥ್ಯ ಸುಮಾರು 3 ಸಾವಿರ, ಮಾರಾಟವಾದ ಟಿಕೆಟ್ 30 ಸಾವಿರಕ್ಕೂ ಹೆಚ್ಚು. ಟಾಟನ್‌ಹ್ಯಾಮ್ ಅಭಿಮಾನಿಗಳೂ ಕೈಜೋಡಿಸಿದರು. ಮರೀನ್ 0-5ರಿಂದ ಸೋತರೂ ಕ್ಲಬ್‌ನ ಭವಿಷ್ಯ ಭದ್ರವಾಯಿತು. ಆದರೆ ಇಂಥ ಅದೃಷ್ಟ ಖುಲಾಯಿಸುವುದು ನೂರಾರು ಕ್ಲಬ್‌ಗಳಲ್ಲಿ ಒಂದಕ್ಕೆ ಮಾತ್ರ. ಉಳಿದವು ಅಭಿಮಾನಿಗಳ ದೇಣಿಗೆ ಮತ್ತು ಸರ್ಕಾರದ ಫರ್ಲೋ ಯೋಜನೆಯಲ್ಲಿ ಸಿಬ್ಬಂದಿಗೆ ಸಿಗುತ್ತಿದ್ದ ಶೇ.80ರಷ್ಟು ವೇತನವನ್ನು ನೆಚ್ಚಿ ದಿನ ದೂಡಿದವು.

ಬಾಗಿಲು ಪೂರ್ತಿ ತೆರೆದದ್ದು ಯಾವಾಗ?

* 2021 ಮಾರ್ಚ್ 29: ಹೊರಾಂಗಣ ಸಂಘಟಿತ ಕ್ರೀಡೆಗೆ ಅನುಮತಿ, ಪ್ರೇಕ್ಷಕರಿಗೆ ಇನ್ನೂ ಇಲ್ಲ.
* ಮೇ 3: ಒಂದು ವರ್ಷ ತಡವಾಗಿ 2019-20ರ ಎಫ್‌ಎ ವೇಸ್ ಫೈನಲ್. ಖಾಲಿ ವೆಂಬ್ಲಿಯಲ್ಲಿ ಹೆಬರ್ನ್ ಟೌನ್ 3-2ರಿಂದ ಕಾನ್ಸೆಟ್ ತಂಡವನ್ನು ಮಣಿಸಿತು.
* ಮೇ 17: ಹೊರಾಂಗಣ ಪಂದ್ಯಗಳಿಗೆ ಶೇ.50 ಅಥವಾ 4 ಸಾವಿರ, ಯಾವುದು ಕಡಿಮೆಯೋ ಅಷ್ಟು ಪ್ರೇಕ್ಷಕರು.
* ಜುಲೈ 19: ಎಲ್ಲ ಮಿತಿ ತೆರವು.
* ಡಿಸೆಂಬರ್ 15: ಒಮಿಕ್ರಾನ್ ಹಿನ್ನೆಲೆಯಲ್ಲಿ ದೊಡ್ಡ ಪಂದ್ಯಗಳಿಗೆ ಕೋವಿಡ್ ಪಾಸ್ ಕಡ್ಡಾಯ. ಆಸನವಿಲ್ಲದ ಹೊರಾಂಗಣ ಕಾರ್ಯಕ್ರಮಗಳಿಗೆ 4 ಸಾವಿರ ಜನರ ಮೇಲ್ಪಟ್ಟು ಮಾತ್ರ ಅನ್ವಯವಾದ್ದರಿಂದ ಬಹುತೇಕ ನಾನ್-ಲೀಗ್ ಕ್ಲಬ್‌ಗಳಿಗೆ ವಿನಾಯಿತಿ.

ಈ ನಡುವೆ ಎಫ್‌ಎ ಕಪ್ ಫೈನಲ್ ಸೇರಿ ಒಂಬತ್ತು ಪ್ರಾಯೋಗಿಕ ಕಾರ್ಯಕ್ರಮಗಳ ಸರ್ಕಾರಿ ವರದಿ ಜೂನ್‌ನಲ್ಲಿ ಬಂತು. ಭಾಗವಹಿಸಿದ ಸುಮಾರು 58 ಸಾವಿರ ಜನರಲ್ಲಿ ಪತ್ತೆಯಾದ ಸೋಂಕು 28. ಆದರೆ ಕಾರ್ಯಕ್ರಮಕ್ಕೆ ಮುನ್ನ ಮತ್ತು ನಂತರ ಎರಡೂ ಬಾರಿ ಪಿಸಿಆರ್ ಪರೀಕ್ಷೆ ಮಾಡಿಸಿಕೊಂಡವರು ಕಡಿಮೆ ಇದ್ದುದರಿಂದ ಅಂಕಿಯನ್ನು ಎಚ್ಚರಿಕೆಯಿಂದ ನೋಡಬೇಕು ಎಂದು ವರದಿಯೇ ಹೇಳಿತ್ತು.

ಭಾರತದಲ್ಲಿ ಆಗಿದ್ದೇನು?

ಭಾರತ ಆಯ್ದುಕೊಂಡದ್ದು 'ಬಯೋ ಬಬಲ್' ದಾರಿ. 2020ರ ಅಕ್ಟೋಬರ್‌ನಲ್ಲಿ ಎಫ್‌ಸಿ ಬೆಂಗಳೂರು ಯುನೈಟೆಡ್ ಸೇರಿ ಐದು ತಂಡಗಳ ಐ-ಲೀಗ್ ಅರ್ಹತಾ ಟೂರ್ನಿ ಪಶ್ಚಿಮ ಬಂಗಾಳದಲ್ಲಿ ನಡೆಯಿತು. ನವೆಂಬರ್‌ನಲ್ಲಿ ಆರಂಭವಾದ ಐಎಸ್‌ಎಲ್ ಇಡೀ ಟೂರ್ನಿ ಗೋವಾದಲ್ಲೇ ನಡೆದು, ಬೆಂಗಳೂರು ಎಫ್‌ಸಿ ತನ್ನ 'ತವರು' ಪಂದ್ಯಗಳನ್ನೂ ಕಂಠೀರವ ಬಿಟ್ಟು ಅಲ್ಲೇ ಆಡಿತು. ಪ್ರೇಕ್ಷಕರು ದೊಡ್ಡ ಸಂಖ್ಯೆಯಲ್ಲಿ ಮರಳಿದ್ದು 2022ರಲ್ಲಿ. ಆ ವರ್ಷದ ಏಪ್ರಿಲ್ 28ರಂದು ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ಕಿಕ್ಕಿರಿದ ಗ್ಯಾಲರಿಯ ಎದುರು ನಡೆದ ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕರ್ನಾಟಕ 3-7ರಿಂದ ಕೇರಳಕ್ಕೆ ಮಣಿದಿತ್ತು.

ಬಬಲ್ ವ್ಯವಸ್ಥೆ ಇಂಗ್ಲೆಂಡ್‌ನ ಸಣ್ಣ ಕ್ಲಬ್‌ಗಳಿಗೆ ಸಾಧ್ಯವೇ ಇರಲಿಲ್ಲ. ತಿಂಗಳುಗಟ್ಟಲೆ ಹೋಟೆಲ್‌ನಲ್ಲಿರಲು ಹಣವೂ ಇಲ್ಲ, ಆಟಗಾರರಿಗೆ ಕೆಲಸ ಬಿಟ್ಟು ಬರಲು ರಜೆಯೂ ಇಲ್ಲ.

ಉಳಿದ ಪ್ರಶ್ನೆ

ಒಂದೇ ಆದಾಯವನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿಕೊಟ್ಟಿತು. 2021ರ ನವೆಂಬರ್‌ನಲ್ಲಿ ಟ್ರೇಸಿ ಕ್ರೌಚ್ ನೇತೃತ್ವದ ಸಮಿತಿ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕ ಬೇಕೆಂದು ಶಿಫಾರಸು ಮಾಡಿತು. ಆ ಕಾನೂನಿಗೆ 2025ರ ಜುಲೈನಲ್ಲಿ ರಾಜಮುದ್ರೆ ಬಿತ್ತು. ಆದರೆ ನಿಯಂತ್ರಕನ ವ್ಯಾಪ್ತಿ ಪುರುಷರ ಮೇಲಿನ ಐದು ದರ್ಜೆಗಳಿಗೆ ಸೀಮಿತ, ಅಂದರೆ ಸ್ಟೆಪ್ 1ಕ್ಕೆ ಕೊನೆ. ಅದರ ಕೆಳಗಿನ ನೂರಾರು ಕ್ಲಬ್‌ಗಳು ಇಂದಿಗೂ ಶನಿವಾರದ ಗೇಟ್ ಕಲೆಕ್ಷನ್, ಚಹಾ ಕೌಂಟರ್ ಮತ್ತು ಸ್ವಯಂಸೇವಕರನ್ನೇ ನಂಬಿಕೊಂಡಿವೆ. ಮತ್ತೊಮ್ಮೆ ಅಂಥ ದಿನ ಬಂದರೆ ಅವುಗಳ ಕೈ ಹಿಡಿಯುವವರು ಯಾರು ಎಂಬುದಕ್ಕೆ ಆ ಕಾನೂನಿನಲ್ಲಿ ಉತ್ತರವಿಲ್ಲ.